ಅಂಡಮಾನ್ ಪ್ರವಾಸ: ಖರ್ಚಿನ ಲೆಕ್ಕ

ಚೆನ್ನೈಯಿಂದ ಅಂಡಮಾನಿಗೆ ಹಡಗಿನ ಬಂಕ್ ದರ್ಜೆಯ ಟಿಕೆಟ್ ಅಗ್ಗವೇ. ಆದರೆ ಒಂದು ಬದಿಗೆ ಸುಮಾರು 3 ದಿನ. ಹೋಗಿಬರುವ 6 ದಿನ ಅಂಗಡಿಗೆ ಬೀಗ ಹಾಕುವುದಾದರೆ ಆ ನಷ್ಟವನ್ನೂ ಖರ್ಚಿನಲ್ಲಿ ಬರೆಯಬೇಕು. ವ್ಯಾಪಾರ ನೋಡಿಕೊಳ್ಳುವವರು ಮನೆಯಲ್ಲಿದ್ದರೆ ಮಾತ್ರ ಹಡಗು ಲಾಭ. ಇಲ್ಲದವರು ವಿಮಾನದ ಟಿಕೆಟ್ಟನ್ನು ಬಹಳ ಮುಂಚೆಯೇ ತೆಗೆದಿಡುವುದು ಲೇಸು.

ಪೋರ್ಟ್ ಬ್ಲೇರಿಗೆ 2024ರಿಂದ ಶ್ರೀ ವಿಜಯಪುರಂ ಎಂದು ಹೆಸರು. 1906ರಲ್ಲಿ ಪೂರ್ಣಗೊಂಡ ಸೆಲ್ಯುಲರ್ ಜೈಲನ್ನು ಮಕ್ಕಳಿಗೆ ತಪ್ಪದೆ ತೋರಿಸಿರಿ. ಹ್ಯಾವ್‌ಲಾಕ್ ದ್ವೀಪಕ್ಕೆ ಸರಕಾರಿ ದೋಣಿಯಲ್ಲಿ ಹೋದರೆ ಖಾಸಗಿ ದೋಣಿಗಿಂತ ಬಹಳ ಕಡಿಮೆ ಖರ್ಚು.

ಡಿಸೆಂಬರಿನಲ್ಲಿ ಅಲ್ಲಿ ಸಂಜೆ 5ರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಆದ್ದರಿಂದ 4 ಗಂಟೆಗೆ ಊಟಕ್ಕೆ ಕೂರುವಂತೆ ತಿರುಗಾಟ ಹೊಂದಿಸಿಕೊಳ್ಳಿರಿ. ಕಡಕ್ ರೊಟ್ಟಿ, ಚಟ್ನಿಪುಡಿ, ಅವಲಕ್ಕಿ ಜೊತೆಗಿರಲಿ. ಜೇಬಿಗೂ ನೇಮಕ್ಕೂ ಹಾನಿಯಾಗದೆ ಮರಳಿದರೆ ಅದೇ ಅಗ್ಗದ ಪ್ರವಾಸ.