ಬಲ್ಬಿನ ತಪ್ಪಲ್ಲ

ಹೋದ ಸಂಕ್ರಾಂತಿಗೆ ಊರಿಗೆ ಹೊರಡುವಾಗಲೇ ಸಂಜೆಯಾಗಿತ್ತು. ಚನ್ನರಾಯಪಟ್ಟಣದವರೆಗೂ ಹೈವೇ, ಏನೂ ಗೊತ್ತಾಗಲಿಲ್ಲ. ಹೈವೇಯಲ್ಲಿ ಬೇರೆಯವರ ಬೆಳಕಲ್ಲೇ ಗಾಡಿ ಓಡಿಸಬಹುದು. ಹೊಳೆನರಸೀಪುರ ದಾಟಿ ಹಳ್ಳಿಮೈಸೂರಿನ ದಾರಿ ಹಿಡಿದ ಮೇಲೆ ನನ್ನ ಕಾರಿನ ಬಣ್ಣ ಬಯಲಾಯ್ತು.

ನಮ್ಮ ಕಡೆ ಆ ತಿಂಗಳಲ್ಲಿ ಟಾರು ರಸ್ತೆಯೇ ಕಣ. ಹುರುಳಿ ಹರಡಿರ್ತಾರೆ, ಹೋಗಿಬರೋ ಗಾಡಿಗಳೇ ಒಕ್ಕಣೆ ಮಾಡಬೇಕು. ಅಂಚಿಗೆ ಕಲ್ಲಿಟ್ಟಿರ್ತಾರೆ. ಸಂಜೆಗೆ ಹುರುಳಿ ಮನೆ ಸೇರುತ್ತೆ, ಕಲ್ಲು ಅಲ್ಲೇ ಉಳಿಯುತ್ತೆ. ಅಂಥದ್ದೊಂದು ಕಲ್ಲು ತಪ್ಪಿಸೋಕೆ ಬಲಕ್ಕೆ ಎಳೆದೆ, ಎದುರಿಗೆ ಎತ್ತಿನ ಗಾಡಿ. ಬ್ರೇಕ್ ಮೇಲೆ ನಿಂತೆ. ಕಾರು ನಿಂತಾಗ ಎತ್ತಿನ ಮೂತಿಗೂ ಬಾನೆಟ್ಟಿಗೂ ಒಂದು ಮಾರು ಅಂತರ. ಗಾಡಿಯ ಮೇಲಿದ್ದ ಯಜಮಾನರು ಬೈಯಲಿಲ್ಲ.

“ಲೈಟ್ ಹಾಕ್ಕಂಡು ಬರಬಾರ್ದಾ ಸಾಮಿ” ಅಂದರು.

ಲೈಟ್ ಹಾಕೇ ಇತ್ತು.

ಬೆಳಕು ಸಾಲಲ್ಲ ಅಂತ ಎರಡು ತಿಂಗಳ ಹಿಂದೆಯೇ ನಾನು ಬಲ್ಬ್ ಬದಲಾಯಿಸಿದ್ದೆ. ಕಾರಿನ ಜೊತೆ ಬಂದ 60/55 ವ್ಯಾಟ್ ತೆಗೆಸಿ 100/90 ಹಾಕಿಸಿದ್ದೆ. ಅದು ಕಾನೂನಿಗೂ ವಿರುದ್ಧ, ಹೋಲ್ಡರ್ ಕರಗೋ ಭಯ ಬೇರೆ. ಎದುರಿಗೆ ಬರೋರು ಲೈಟ್ ಮಿಣುಕಿಸಿ ಬೈತಿದ್ದರು. ನನಗೆ ಮಾತ್ರ ರಸ್ತೆ ಕಾಣ್ತಿರಲಿಲ್ಲ.

ಮಾರನೇ ದಿನ ಬೆಳಗ್ಗೆ ಅಪ್ಪ ಕಾರಿನ ಮುಂದೆ ಕೂತು ಹೆಡ್‌ಲೈಟ್ ಮೇಲೆ ಬೆರಳಾಡಿಸಿದರು. “ಇದಕ್ಕೂ ಪೊರೆ ಬಂದೈತೆ ಕಣ್ಲಾ” ಅಂದರು. ಅವರ ಬಲಗಣ್ಣಿನ ಪೊರೆ ಆಪರೇಶನ್ ಆಗಿ ಇನ್ನೂ ಎರಡು ತಿಂಗಳಾಗಿರಲಿಲ್ಲ.

ಹಳೇ ಅಂಬಾಸಿಡರ್, ಪದ್ಮಿನಿ ಕಾರುಗಳ ಹೆಡ್‌ಲೈಟಿಗೆ ಇದ್ದದ್ದು ಗಾಜು. ಕಲ್ಲು ಬಿದ್ದರೆ ಒಡೆಯುತ್ತಿತ್ತು, ಆದರೆ ಹೀಗೆ ಹಳದಿಯಾಗ್ತಿರಲಿಲ್ಲ. ಈಗಿನದು ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್. ಹಗುರ, ಗಟ್ಟಿ, ಆದರೆ ಬಿಸಿಲಿನ ನೇರಳಾತೀತ ಕಿರಣ ಅದಕ್ಕೆ ಆಗಿಬರಲ್ಲ. ಅದಕ್ಕೇ ಕಾರ್ಖಾನೆಯಲ್ಲೇ ಮೇಲೊಂದು ತೆಳುವಾದ ಲೇಪ ಕೊಟ್ಟಿರ್ತಾರೆ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ಆ ಲೇಪ ಹೋದ ಮೇಲೆ ಪ್ಲಾಸ್ಟಿಕ್ ಹಳದಿಯಾಗಿ ಒರಟಾಗುತ್ತೆ. ಬೆಳಕು ನೇರವಾಗಿ ಹೋಗದೆ ಎಲ್ಲ ಕಡೆ ಚದುರುತ್ತೆ. ಬಲ್ಬ್ ದೊಡ್ಡದಾದಷ್ಟೂ ಚದುರೋದೂ ಜಾಸ್ತಿ. ಅಮೆರಿಕದ ವಾಹನ ಸವಾರರ ಸಂಘ ಎಎಎ 2018ರಲ್ಲಿ ಅಳೆದಾಗ, ತೀರಾ ಮಂಕಾದ ಹೆಡ್‌ಲೈಟ್ ಹೊಸದರ ಶೇ. 20ರ ಆಸುಪಾಸು ಬೆಳಕಷ್ಟೇ ಕೊಡ್ತಿತ್ತು. ಉಜ್ಜಿ ಸರಿಮಾಡಿದ ಮೇಲೆ ಅದು ಶೇ. 70ರ ಹತ್ತಿರ ಬಂತು.

ಪಕ್ಕದ ಮನೆ ಹುಡುಗ “ಹಲ್ಲುಜ್ಜೋ ಪೇಸ್ಟ್ ಹಚ್ಚಣ್ಣ, ಸಾಕು” ಅಂದ. ಪೇಸ್ಟಿನಿಂದ ಹೊಳಪು ಬರೋದು ನಿಜ, ಅದೂ ಸಣ್ಣಗೆ ಉಜ್ಜೋ ಪುಡಿಯೇ. ಆದರೆ ಕೆಲವೇ ವಾರಗಳ ಆಟ. ನಾನು ಹೊಳೆನರಸೀಪುರಕ್ಕೆ ಹೋಗಿ 800, 1000, 1500, 2000 ನಂಬರಿನ ವಾಟರ್ ಪೇಪರ್, ರಬ್ಬಿಂಗ್ ಕಾಂಪೌಂಡ್, ಮಾಸ್ಕಿಂಗ್ ಟೇಪ್ ತಂದೆ. ಹೊಸ ಜೋಡಿ ಹೆಡ್‌ಲೈಟಿನ ಬೆಲೆಗೆ ಹೋಲಿಸಿದರೆ ಇದು ಚಿಲ್ಲರೆ ದುಡ್ಡು.

ಸೋಪು ಹಾಕಿ ತೊಳೆದು, ಸುತ್ತ ಪೇಂಟಿಗೆ ಗೀರು ಬೀಳದ ಹಾಗೆ ಟೇಪ್ ಅಂಟಿಸಿ, ನೀರು ಹಾಕ್ತಾ 800ರಲ್ಲಿ ಶುರು ಮಾಡಿದೆ. ಚೊಂಬಿನಲ್ಲಿ ನೀರು ಹುಯ್ಯೋ ಕೆಲಸ ಅಪ್ಪನದು. ಹಳದಿ ಹಾಲಿನಂಥ ನೀರು ಇಳಿಯೋಕೆ ಶುರುವಾಯ್ತು. ಐದು ನಿಮಿಷಕ್ಕೆ ಲೆನ್ಸ್ ಮೊದಲಿಗಿಂತ ಕೆಟ್ಟದಾಗಿ, ಸುಣ್ಣ ಬಳಿದ ಹಾಗೆ ಕಂಡಿತು. “ಕೆಡಿಸ್ಬುಟ್ಟೆ” ಅಂದರು ಅಪ್ಪ. ನನಗೂ ಹಾಗೇ ಅನ್ನಿಸಿತ್ತು. ಆದರೆ ಇಲ್ಲಿ ಅರ್ಧಕ್ಕೆ ನಿಲ್ಲಿಸೋದೇ ತಪ್ಪು. ಇಳಿಯೋ ನೀರಲ್ಲಿ ಹಳದಿ ಹೋಗಿ ಬರೀ ಬಿಳುಪು ಉಳಿಯೋವರೆಗೂ ಉಜ್ಜಬೇಕು. ಆಮೇಲೆ 1000, 1500, 2000. ಒಂದನ್ನು ಅಡ್ಡಡ್ಡ ಉಜ್ಜಿದರೆ ಮುಂದಿನದನ್ನು ಉದ್ದುದ್ದ, ಆಗ ಹಿಂದಿನ ಗೀರು ಉಳಿದಿದ್ದರೆ ಕಾಣುತ್ತೆ. ಕೊನೆಗೆ ಬಟ್ಟೆಯಲ್ಲಿ ಕಾಂಪೌಂಡ್ ಹಚ್ಚಿ ತಿಕ್ಕಿದಾಗ ಒಳಗಿನ ಬಲ್ಬ್ ಕಂಡಿತು.

ಉಜ್ಜೋದು ಮುಗಿದರೂ ಕೆಲಸ ಮುಗಿಯಲ್ಲ. ಅಳಿದುಳಿದ ಲೇಪವನ್ನೂ ನಾವೇ ಕಿತ್ತಿರ್ತೀವಿ. ಮೇಲೆ ಯುವಿ ಕ್ಲಿಯರ್ ಕೋಟ್ ಕೊಡದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಹಳದಿ. ಅದು ಅಲ್ಲಿ ಸಿಗಲಿಲ್ಲ. ಬೆಂಗಳೂರಿಗೆ ಬಂದ ವಾರವೇ ತರಿಸಿ, ಇನ್ನೊಮ್ಮೆ 2000ದಲ್ಲಿ ಹಗುರವಾಗಿ ಉಜ್ಜಿ, ಒಣಗಿಸಿ, ಧೂಳಿಲ್ಲದ ಜಾಗದಲ್ಲಿ ಸ್ಪ್ರೇ ಮಾಡಿದೆ. ಲೆನ್ಸಿನ ಒಳಗೆ ನೀರಾಡಿದ್ದರೆ, ಬಿರುಕಿದ್ದರೆ ಮಾತ್ರ ಹೊರಗಿನಿಂದ ಎಷ್ಟು ಉಜ್ಜಿದರೂ ದಂಡ.

ನೀರು ಹುಯ್ಯುತ್ತಾ ಅಪ್ಪ ಸುಮ್ಮನೆ ಒಂದು ಮಾತು ಹೇಳಿದರು. “ನೀನು ಕಳಿಸಿದ್ದ ಆ ದೊಡ್ಡ ಬಲ್ಬು ಹಾಕಿದ್ಮೇಲೆ ಕಣ್ಣು ಇನ್ನೂ ಕುಕ್ತಿತ್ತು ಕಣಪ್ಪ.”

ನನ್ನ ಕೈ ನಿಂತಿತು. ಎರಡು ವರ್ಷದಿಂದ ಅಪ್ಪ ಫೋನಲ್ಲಿ “ಪಡಸಾಲೆ ಲೈಟು ಮಂಕು” ಅಂತಿದ್ದರು. ನಾನು ಆನ್‌ಲೈನಲ್ಲಿ ಎಲ್‌ಇಡಿ ಬಲ್ಬ್ ತರಿಸಿ ಊರಿನ ವಿಳಾಸಕ್ಕೆ ಕಳಿಸಿದ್ದೆ. ಮೊದಲು ಒಂಬತ್ತು ವ್ಯಾಟ್, ಆಮೇಲೆ ಹದಿನೆಂಟು. ಸಮಸ್ಯೆ ಬಗೆಹರೀತು ಅಂದ್ಕೊಂಡಿದ್ದೆ. ಕೊನೆಗೆ ಕಣ್ಣು ತೋರಿಸಲು ಹಾಸನಕ್ಕೆ ಕರಕೊಂಡು ಹೋಗಿದ್ದು ಅಕ್ಕ. ನನಗೆ ಆಗ ರಿಲೀಸ್ ಇತ್ತು. ಎಡಗಣ್ಣಿಗೂ ಪೊರೆ ಇದೆ ಅಂತ ಡಾಕ್ಟರ್ ಅಂದಾಗ “ಯುಗಾದಿ ಆದ್ಮೇಲೆ ನೋಡೋಣ” ಅಂದವನೂ ನಾನೇ.

ಹಳೇ 60/55 ಬಲ್ಬನ್ನೇ ಮತ್ತೆ ಹಾಕಿ, ಅವತ್ತು ಸಂಜೆ ಅಪ್ಪನನ್ನು ಪಕ್ಕದಲ್ಲಿ ಕೂರಿಸ್ಕೊಂಡು ಹಳ್ಳಿಮೈಸೂರಿನವರೆಗೆ ಹೋಗಿಬಂದೆ. ದಾರಿಯಲ್ಲಿ ಹುರುಳಿ ಕಾಯೋ ಕಲ್ಲುಗಳು ದೂರದಿಂದಲೇ ಕಾಣ್ತಿದ್ದವು. ಎರಡು ಕಡೆ ಇಳಿದು ಅವನ್ನು ಪಕ್ಕಕ್ಕೆ ಹಾಕಿದೆ. ಅಪ್ಪ ಎಡಗಣ್ಣು ಮುಚ್ಚಿ ರಸ್ತೆ ನೋಡಿದರು, ಆಮೇಲೆ ಬಲಗಣ್ಣು ಮುಚ್ಚಿ ನೋಡಿದರು. ಏನೂ ಹೇಳಲಿಲ್ಲ.

ಮನೆಗೆ ಬಂದು ಅಕ್ಕನಿಂದ ಆಸ್ಪತ್ರೆ ನಂಬರ್ ಇಸ್ಕೊಂಡೆ. ಯುಗಾದಿವರೆಗೂ ಕಾಯಲಿಲ್ಲ.