ನೀರಿನ ಮನೆ

ರಜೆಯಲ್ಲಿ ದುದ್ದದಿಂದ ಬೆಂಗಳೂರಿಗೆ ಹೋಗಿದ್ದಾಗ ಮಗಳು ಕಸ್ತೂರಬಾ ರಸ್ತೆಗೆ ಕರೆದೊಯ್ದಳು. ಅಲ್ಲಿನ ಕೆಂಪು ಕಟ್ಟಡದ ಹಳೇ ಮ್ಯೂಸಿಯಂ ನನಗೆ ಗೊತ್ತು. ಶಾಲಾ ಪ್ರವಾಸದಲ್ಲಿ ಮಕ್ಕಳಿಗೆ ಎಷ್ಟೋ ಸಲ ತೋರಿಸಿದ್ದೇನೆ. ಈ ಸಲ ನೋಡಿದ್ದು ಅದೇ ರಸ್ತೆಯಲ್ಲಿ 2023ರಲ್ಲಿ ತೆರೆದ ‘ಮ್ಯಾಪ್’ ಎಂಬ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ.

‘ಇದೇನೇ, ಥೇಟ್ ನೀರಿನ ಟ್ಯಾಂಕು!’ ಎಂದು ನಕ್ಕೆ.

‘ಬೇಕಂತಲೇ ಹಾಗೆ ಕಟ್ಟಿರೋದು ಕಣಮ್ಮ’ ಎಂದಳು. ಉಕ್ಕಿನ ಹಾಳೆಗಳ ತುಂಬ ಟ್ಯಾಂಕಿನ ಮೇಲಿರುವಂಥದೇ ಇಂಟು ಗುರುತಿನ ಉಬ್ಬು.

ಆ ಗುರುತು ಕಂಡು ನನ್ನ ನಗು ನಿಂತಿತು. ಎಷ್ಟೋ ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗಿಯೊಬ್ಬಳು ಮನೆಯ ಚಿತ್ರ ಬರೆದು ತಂದಿದ್ದಳು. ಹೆಂಚಿಲ್ಲ, ಕಿಟಕಿಯಿಲ್ಲ, ನಾಲ್ಕು ಕಂಬದ ಮೇಲೊಂದು ಚೌಕ. ‘ಇದು ಮನೆಯೇನೇ?’ ಎಂದು ಕೆಂಪು ಶಾಯಿಯಲ್ಲಿ ಇಂಟು ಹಾಕಿದ್ದೆ. ‘ನೀರಿನ ಮನೆ, ಮಿಸ್’ ಎಂದಿದ್ದಳು. ತರಗತಿಯೆಲ್ಲ ನಕ್ಕಿತ್ತು. ಆಮೇಲೆ ಅವಳು ಚಿತ್ರ ಬರೆದದ್ದನ್ನು ನಾನು ಕಾಣಲಿಲ್ಲ.

ಬೆಂಗಳೂರಿನ ನಲ್ಲಿಗಳಿಗೆ ಕಾವೇರಿ ಹೋಗುವುದು ನಮ್ಮ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿಲೋಮೀಟರ್ ಕೊಳವೆಯಲ್ಲಿ. ಮಂಡ್ಯದ ಮಗುವಿಗೆ ನೀರಿಗೂ ಒಂದು ಮನೆ ಬೇಕೆನಿಸಿದ್ದರೆ ತಪ್ಪೇನಿತ್ತು?

ಶಾಲೆ ತೆರೆದ ಮೇಲೆ ಕೆಂಪು ಪೆನ್ನು ಎತ್ತುವ ಮೊದಲು ಕೇಳಬೇಕು: ‘ಇದೇನು ಬರೆದಿದ್ದೀಯ, ಹೇಳು ಮಗಾ.’