ಮಾರಿಕಣಿವೆಯ ಎರಡು ಶಕ್ತಿಗಳು

ಹೊಸದುರ್ಗದ ಕಡೆಯಿಂದ ಹರಿದುಬರುವ ವೇದಾವತಿಯು ಹಿರಿಯೂರನ್ನು ಸೇರುವ ಮುನ್ನ ಗುಡ್ಡಗಳ ನಡುವೆ ನುಸುಳುವ ಎಡೆಯೇ ಮಾರಿಕಣಿವೆ. ಕಣಿವೆಯ ಮಾರಮ್ಮನಿಂದ ಬಂದ ಹೆಸರು ಇದು. ಕಟ್ಟೆಯನ್ನು ಕಾಯುತ್ತಿರುವವಳು ಆ ತಾಯಿಯೇ ಎಂಬುದು ಭಕ್ತರ ನಂಬುಗೆ.

ಆ ಶಕ್ತಿಯನ್ನು ಅಳೆಯುವ ಉಪಕರಣವಿಲ್ಲ. ನೀರಿನ ಶಕ್ತಿಗಾದರೋ ಲೆಕ್ಕವುಂಟು. ನೀರಿನ ಒತ್ತಡವು ಜಲಾಶಯದ ವಿಸ್ತಾರವನ್ನು ಗಣಿಸದು, ಆಳವನ್ನು ಮಾತ್ರ ಗಣಿಸುತ್ತದೆ. ಆದುದರಿಂದಲೇ 1907ರಲ್ಲಿ ಮುಗಿದ ವಾಣೀವಿಲಾಸ ಸಾಗರದ ಕಲ್ಲುಗಾರೆಯ ಕಟ್ಟೆಯು ಬುಡದಲ್ಲಿ ದಪ್ಪವಾಗಿಯೂ ನೆತ್ತಿಯಲ್ಲಿ ಕಿರಿದಾಗಿಯೂ ಇದ್ದು, ತನ್ನ ತೂಕದಿಂದಲೇ ಆ ಒತ್ತಡವನ್ನು ತಡೆದು ನಿಂತಿದೆ.

1933ರಲ್ಲಿ ತುಂಬಿದ ಸಾಗರವು ಮತ್ತೆ ಕೋಡಿ ಹರಿದುದು 89 ವರ್ಷಗಳ ತರುವಾಯ, 2022ರಲ್ಲಿ. ಅಜ್ಜಂದಿರು ಹೇಳಿದ ಕಥೆಯನ್ನು ಮೊಮ್ಮಕ್ಕಳು ಕಣ್ಣಾರೆ ಕಂಡರು. ಆದರೆ ಅದೇ ನೀರು ಹೊಸದುರ್ಗ ತಾಲ್ಲೂಕಿನ ಹಿನ್ನೀರಿನಂಚಿನ ತೋಟಗಳಿಗೂ ನುಗ್ಗಿತು. ಕೆಳಗಿನವರಿಗೆ ವರವಾದುದು ಮೇಲಿನವರಿಗೆ ಸಂಕಟವಾಯಿತು.

ಕಲ್ಲು ಎಷ್ಟು ನೀರನ್ನು ತಡೆದೀತೆಂಬುದನ್ನು ಎಂಜಿನಿಯರು ಹೇಳಬಲ್ಲರು. ತುಂಬದ ಕಟ್ಟೆಯ ಕೆಳಗೆ ಮೂರು ತಲೆಮಾರು ಆಸೆ ಬಿಡದೆ ಬೇಸಾಯ ನಡೆಸಿದ ಬಲ ಎಷ್ಟೆಂಬುದನ್ನು ಯಾವ ಅಳತೆಗೋಲೂ ಹೇಳದು. ಬಹುಶಃ ಆ ಬಲಕ್ಕೇ ಇಲ್ಲಿನ ಜನ ಮಾರಮ್ಮನೆಂದು ಹೆಸರಿಟ್ಟು ಕೈಮುಗಿದಿರಬೇಕು.